‘ಟರ್ಮಿನೇಟರ್ 2’ ನೋಡಿದ ಮರುದಿನವೇ ‘ಡಾರ್ಕ್ ಫೇಟ್’ ನೋಡಬೇಡಿ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಎರಡೂ ಸಿನಿಮಾಗಳ ಕಥೆ ಕೊನೆಯವರೆಗೂ ಬಯಲಾಗುತ್ತದೆ. ಕಥೆ ಹೇಳದೆ ಈ ಎಚ್ಚರಿಕೆ ಕೊಡಲು ಸಾಧ್ಯವಿಲ್ಲ. ನೋಡದವರು ಶೀರ್ಷಿಕೆ ಓದಿಕೊಂಡು ಇಲ್ಲಿಂದಲೇ ಹೊರಟರೂ ಬೇಸರವಿಲ್ಲ, ಮುಖ್ಯವಾದ ಮಾತು ಅಲ್ಲೇ ಇದೆ.

ಹೋದ ವಾರ ನಮ್ಮ ಆಫೀಸಿನಲ್ಲಿ ಒಬ್ಬರು ಖುಷಿಯಿಂದ ಹೇಳುತ್ತಿದ್ದರು: “ಕಾಲೇಜಿಗೆ ಹೋಗೋ ಮಗಳಿಗೆ ಶನಿವಾರ ಟರ್ಮಿನೇಟರ್ ಎರಡು, ಭಾನುವಾರ ಡಾರ್ಕ್ ಫೇಟ್ ತೋರಿಸ್ತೀನಿ. ಮಧ್ಯದ ಮೂರು ಸಿನಿಮಾ ಬೇಡ್ವೇ ಬೇಡ್ವಂತೆ, ಎರಡರಿಂದ ನೇರ ಇದಕ್ಕೆ ಬರಬಹುದಂತೆ.” ಅವರ ಮಾತು ನಿಜ. 2003, 2009, 2015ರಲ್ಲಿ ಬಂದ ಮೂರು ಭಾಗಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, 1991ರ ಸಿನಿಮಾ ನಿಂತ ಕಡೆಯಿಂದಲೇ ಡಾರ್ಕ್ ಫೇಟ್ ಕಥೆ ಹಿಡಿಯುತ್ತದೆ. ನಾನೂ 2019ರಲ್ಲಿ ಇದೇ ಲೆಕ್ಕ ಹಾಕಿ ಕೆಟ್ಟವನು.

ನನಗೂ ನಮ್ಮಣ್ಣನಿಗೂ ಟರ್ಮಿನೇಟರ್ ಎರಡು ಅಂದರೆ ಬರೀ ಸಿನಿಮಾ ಅಲ್ಲ. ಶಿವಮೊಗ್ಗದಲ್ಲಿ ನಾವಿದ್ದ ಬಾಡಿಗೆ ಮನೆಯ ನಡುಮನೆಯಲ್ಲಿ, ಬಾಡಿಗೆಗೇ ತಂದ ವಿಸಿಪಿಯಲ್ಲಿ (ವಿಡಿಯೊ ಕ್ಯಾಸೆಟ್ ಹಾಕಿ ನೋಡುವ ಯಂತ್ರ), ಒಂದೇ ರಾತ್ರಿ ಎರಡು ಸಲ ನೋಡಿದವರು ನಾವು. ಬೆಳಿಗ್ಗೆ ಎಂಟಕ್ಕೆ ವಿಸಿಪಿ ವಾಪಸ್ ಕೊಡಬೇಕಿತ್ತು, ಕೊಟ್ಟ ದುಡ್ಡು ಹಾಳಾಗಬಾರದಲ್ಲ! ಇಂಗ್ಲಿಷ್ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಅರ್ಥವಾಗದ ಕಡೆ ಅಣ್ಣ ತನಗೆ ತೋಚಿದ್ದನ್ನು ಹೇಳುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಸಬ್‌ಟೈಟಲ್ ಹಾಕಿ ನೋಡಿದಾಗಲೇ ಅವನು ಹೇಳಿದ್ದರಲ್ಲಿ ಅರ್ಧ ಅವನದೇ ಸೃಷ್ಟಿ ಅಂತ ಗೊತ್ತಾಗಿದ್ದು.

2019ರ ನವೆಂಬರ್‌ನಲ್ಲಿ ರಾಜ್ಯೋತ್ಸವದ ರಜೆ ಶುಕ್ರವಾರ ಬಂದಿತ್ತು. ಅಣ್ಣ ಊರಿಂದ ಬೆಂಗಳೂರಿಗೆ ಬಂದಿದ್ದ. ಅವನ ಮಗ ಇಲ್ಲೇ ಇಂಜಿನಿಯರಿಂಗ್ ಎರಡನೇ ವರ್ಷ. ಹುಡುಗ ಟರ್ಮಿನೇಟರ್ ಒಂದೂ ನೋಡಿರಲಿಲ್ಲ. ಭಾನುವಾರಕ್ಕೆ ಮೂರು ಟಿಕೆಟ್ ಬುಕ್ ಮಾಡಿ, ಶನಿವಾರ ರಾತ್ರಿ ಊಟವಾದ ಮೇಲೆ ಅವನನ್ನು ಕೂರಿಸಿ ಎರಡನೇ ಭಾಗ ಹಾಕಿದೆ. ಮುಂದೆ ಯಂತ್ರಗಳ ವಿರುದ್ಧ ಮನುಷ್ಯರ ನಾಯಕನಾಗಬೇಕಾದ ಬಾಲಕ ಜಾನ್ ಕಾನರ್, ಅವನನ್ನು ಕಾಯಲು ಭವಿಷ್ಯದಿಂದ ಬಂದ ಯಂತ್ರಮನುಷ್ಯ ಅರ್ನಾಲ್ಡ್, ಇದು ಅದರ ಕಥೆ.

ಆ ರಾತ್ರಿ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದಿದ್ದೇ ಮುಳುವಾಯಿತು. ಹುಡುಗ ಮೊದಮೊದಲು ಮೊಬೈಲ್ ಹಿಡಿದೇ ಕೂತಿದ್ದ. ಯಾರನ್ನೂ ಕೊಲ್ಲಬಾರದು ಅಂತ ಜಾನ್ ಕಾನರ್ ಆ ಯಂತ್ರಮನುಷ್ಯನ ಕೈಲಿ ಮಾತು ತೆಗೆದುಕೊಂಡ ಮೇಲೆ, ಅದು ಆಸ್ಪತ್ರೆಯ ಕಾವಲುಗಾರನ ಕಾಲಿಗೆ ಗುಂಡು ಹೊಡೆದು ‘ಸಾಯಲ್ಲ ಬಿಡು’ ಅನ್ನುವ ಧಾಟಿಯಲ್ಲಿ ನಡೆಯುತ್ತದಲ್ಲ, ಅಲ್ಲಿ ಜೋರಾಗಿ ನಕ್ಕು ಮೊಬೈಲ್ ಕೆಳಗಿಟ್ಟವನು ಮತ್ತೆ ಮುಟ್ಟಲಿಲ್ಲ. ಹೆಬ್ಬೆರಳು ಎತ್ತಿಕೊಂಡು ಅರ್ನಾಲ್ಡ್ ಕುದಿಯುವ ಉಕ್ಕಿನೊಳಗೆ ಇಳಿಯುವಾಗ ಅವನು ನಮ್ಮಿಬ್ಬರ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ನಾವು ಅವನ ಕಣ್ಣು ನೋಡುತ್ತಿದ್ದೆವು, ಅವನು ನಮ್ಮದು ನೋಡುತ್ತಿದ್ದ.

ಭಾನುವಾರ ಹತ್ತೂವರೆ ಶೋ. ಸಿನಿಮಾ ಶುರುವಾಗುವುದೇ ಹಳೆಯ ಆಸ್ಪತ್ರೆಯ ವಿಡಿಯೊ ತುಣುಕಿನಿಂದ. 1991ರ ಸಿನಿಮಾದಲ್ಲಿ ಜಾನ್‌ನ ತಾಯಿ ಸಾರಾ ಕಾನರ್ ಜಗತ್ತು ಸುಟ್ಟುಹೋಗುತ್ತದೆ ಅಂತ ಕೂಗಾಡುವ ದೃಶ್ಯ. ಹುಡುಗ ನನ್ನ ಕೈ ತಿವಿದ, ‘ನಿನ್ನೆ ನೋಡಿದ್ವಲ್ಲ’ ಅನ್ನುವ ಹಾಗೆ. ಆಮೇಲೆ 1998, ಗ್ವಾಟೆಮಾಲಾದ ಸಮುದ್ರ ತೀರ. ಸಾರಾ ಇದ್ದಾಳೆ, ಜಾನ್ ಇದ್ದಾನೆ. ಎರಡನೇ ಭಾಗದಲ್ಲಿ ಜಾನ್ ಆಗಿದ್ದ ಎಡ್ವರ್ಡ್ ಫರ್ಲಾಂಗ್‌ನ ಆ ಎಳೆಯ ಮುಖವನ್ನು ಕಂಪ್ಯೂಟರಿನಲ್ಲಿ ಹಾಗೇ ಕೂರಿಸಿದ್ದಾರೆ. ಅಲ್ಲಿಗೆ ಅರ್ನಾಲ್ಡ್ ಮುಖದ್ದೇ ಇನ್ನೊಂದು ಯಂತ್ರಮನುಷ್ಯ, ಟಿ-800, ನಡೆದು ಬಂದು, ಬಂದೂಕು ಎತ್ತಿ, ಜಾನ್‌ನನ್ನು ಕೊಂದು ಹೋಗುತ್ತದೆ.

ಅಷ್ಟೆ. ಪಾಪ್‌ಕಾರ್ನ್ ಡಬ್ಬದಲ್ಲಿ ಇನ್ನೂ ಕೈ ಹಾಕಿರಲಿಲ್ಲ.

ಹಿಂದಿನ ರಾತ್ರಿ ಎರಡು ಗಂಟೆಗೂ ಹೆಚ್ಚು ಹೊತ್ತು ಯಾವ ಹುಡುಗ ಬದುಕಲಿ ಅಂತ ಉಸಿರು ಹಿಡಿದು ಕೂತಿದ್ದೆವೋ, ಆ ಹುಡುಗನನ್ನು ಸಿನಿಮಾದ ಹೆಸರು ತೋರಿಸುವ ಮೊದಲೇ ಮುಗಿಸಿದರು. ಅದೂ ಕೊಂದದ್ದು ಅದೇ ಮುಖದ ಯಂತ್ರ. ಹುಡುಗ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ, “ಚಿಕ್ಕಪ್ಪ, ಹಾಗಾದ್ರೆ ನಿನ್ನೆ ನೋಡಿದ್ದೆಲ್ಲ ಯಾಕೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಣ್ಣ ಆ ಕಡೆಯಿಂದ “ಇರೋ, ಕನಸು ಇರಬೇಕು” ಅಂದ. ವಿಸಿಪಿ ಕಾಲದ ಅಭ್ಯಾಸ ಅವನದು, ಅರ್ಥವಾಗದಿದ್ದರೆ ತಾನೇ ಒಂದು ಕಥೆ ಕಟ್ಟುವುದು. ಕನಸಾಗಿರಲಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು. ಸಿನಿಮಾ ಪೂರ್ತಿ ದಂಡ ಅಂತ ನಾನು ಹೇಳುತ್ತಿಲ್ಲ. ಸಾರಾ ಪಾತ್ರದ, ಅರವತ್ತು ದಾಟಿದ ಲಿಂಡಾ ಹ್ಯಾಮಿಲ್ಟನ್ ಹೆದ್ದಾರಿಯಲ್ಲಿ ಗಾಡಿಯಿಂದ ಇಳಿದು ಬರುವಾಗ ಥಿಯೇಟರಿನಲ್ಲಿ ಬಿದ್ದ ಶಿಳ್ಳೆಗಳಲ್ಲಿ ಒಂದು ನಮ್ಮಣ್ಣನದು. ಮಗನ ಒಂದು ಫೋಟೊವೂ ತನ್ನ ಹತ್ತಿರ ಇಲ್ಲ, ಅವನ ಮುಖವೇ ಮರೆಯುತ್ತಾ ಬಂದಿದೆ ಅಂತ ಅವಳು ಹೇಳಿಕೊಳ್ಳುವ ದೃಶ್ಯವಂತೂ ನಿಜಕ್ಕೂ ದೊಡ್ಡದು. ಅದು ಮುಗಿದು ಸ್ವಲ್ಪ ಹೊತ್ತಿಗೇ, ಮಾತಿನ ಮಧ್ಯ ಕತ್ತರಿಸಿದ ಹಾಗೆ ಇಂಟರ್ವಲ್ ಕೊಟ್ಟರು. ಇಂಟರ್ವಲ್ ಇಲ್ಲದ ಸಿನಿಮಾಕ್ಕೆ ಇಂಟರ್ವಲ್ ಕೊಯ್ಯುವ ನಮ್ಮ ಮಲ್ಟಿಪ್ಲೆಕ್ಸ್‌ಗಳ ಬಗ್ಗೆ ಬೇರೆಯೇ ಬರೆಯಬೇಕು, ಇವತ್ತು ಬೇಡ.

ಹೊಸಬಳಾದ ಡಾನಿ ಮೆಕ್ಸಿಕೊ ಸಿಟಿಯಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುವ ಹುಡುಗಿ. ನಾಳೆ ಹುಟ್ಟುವ ಯಾವನೋ ನಾಯಕನಿಗೆ ತಾಯಿಯಾಗುವವಳು ಅಂದುಕೊಂಡರೆ, ಮುಂದಿನ ನಾಯಕಿ ಅವಳೇ. ಒಳ್ಳೆಯ ಯೋಚನೆ ಅದು. ಅದಕ್ಕೆ ಜಾಗ ಮಾಡಲು ಜಾನ್ ಸಾಯಲೇಬೇಕಿತ್ತೆ ಅನ್ನುವುದು ನನ್ನ ತಕರಾರು. ಮನುಷ್ಯರ ಮೇಲೆ ತಿರುಗಿಬೀಳುವ ಸ್ಕೈನೆಟ್ ಎಂಬ ಯಂತ್ರಬುದ್ಧಿ ಹೋಗಿ ಲೀಜನ್ ಅಂತ ಇನ್ನೊಂದು ಬಂತು, ಯಂತ್ರಗಳು ಹೇಗೂ ಏಳುತ್ತವೆ, ಮನುಷ್ಯರು ಹೇಗೂ ಸಾಯುತ್ತಾರೆ. ಹಾಗಿದ್ದರೆ ಸಾರಾ ಮೇಜಿನ ಮೇಲೆ ಚಾಕುವಿನಲ್ಲಿ ‘ವಿಧಿ ಅನ್ನುವುದಿಲ್ಲ’ ಅಂತ ಕೊರೆದದ್ದಕ್ಕೆ ಏನು ಬೆಲೆ ಉಳಿಯಿತು?

ಜಾನ್‌ನನ್ನು ಕೊಂದ ಯಂತ್ರ ಆಮೇಲೆ ಕಾರ್ಲ್ ಅಂತ ಹೆಸರಿಟ್ಟುಕೊಂಡು, ಟೆಕ್ಸಾಸ್‌ನಲ್ಲಿ ಒಬ್ಬ ಹೆಂಗಸಿನ ಜೊತೆ ಸಂಸಾರ ಮಾಡಿಕೊಂಡು, ಕಿಟಕಿ ಪರದೆಯ ವ್ಯಾಪಾರ ಮಾಡುತ್ತಿರುತ್ತದೆ. ಮಗುವಿನ ಕೋಣೆಗೆ ಯಾವ ಪರದೆ ಒಪ್ಪುತ್ತದೆ ಅಂತ ಅರ್ನಾಲ್ಡ್ ಗಂಭೀರವಾಗಿ ಹೇಳುವಾಗ ಥಿಯೇಟರೆಲ್ಲ ನಕ್ಕಿತು. ನಮ್ಮ ಹುಡುಗ ನಗಲಿಲ್ಲ. ಅವನಿಗೆ ಕಾರ್ಲ್ ಇನ್ನೂ ಜಾನ್‌ನನ್ನು ಕೊಂದವನೇ. ಹೆಚ್ಚು ಕಮ್ಮಿ ಒಂದು ತಾಸಿನ ಹಿಂದೆ ತಾನೇ ನೋಡಿದ್ದಾನೆ, ಮರೆಯೋದು ಹೇಗೆ?

ಹೊರಗೆ ಬಂದು ಮಸಾಲೆದೋಸೆ ತಿನ್ನುವಾಗ ಅಣ್ಣನಿಗೆ ‘ಏಲಿಯನ್’ ಸರಣಿ ನೆನಪಾಯಿತು. 1986ರ ‘ಏಲಿಯನ್ಸ್’ನಲ್ಲಿ ನಾಯಕಿ ರಿಪ್ಲಿ ಪ್ರಾಣದ ಹಂಗು ತೊರೆದು ನ್ಯೂಟ್ ಎನ್ನುವ ಪುಟ್ಟ ಹುಡುಗಿಯನ್ನು ಉಳಿಸಿಕೊಳ್ಳುತ್ತಾಳೆ. 1992ರ ಮೂರನೇ ಭಾಗದ ಆರಂಭದಲ್ಲೇ ಆ ಮಗುವೂ, ಸೈನಿಕ ಹಿಕ್ಸ್‌ನೂ ಸತ್ತುಹೋಗಿರುತ್ತಾರೆ. ‘ಏಲಿಯನ್ಸ್’ ನಿರ್ದೇಶಿಸಿದ ಜೇಮ್ಸ್ ಕ್ಯಾಮರೂನ್ ಅದರ ಬಗ್ಗೆ ಬಹಿರಂಗವಾಗಿಯೇ ಸಿಟ್ಟು ತೋರಿಸಿದ್ದರು. ಡಾರ್ಕ್ ಫೇಟ್ ನಿರ್ದೇಶನ ಟಿಮ್ ಮಿಲ್ಲರ್ ಅವರದು ನಿಜ, ಆದರೆ ನಿರ್ಮಾಪಕರ ಪಟ್ಟಿಯಲ್ಲೂ ಕಥೆ ಬರೆದವರ ಪಟ್ಟಿಯಲ್ಲೂ ಇದೇ ಕ್ಯಾಮರೂನ್ ಇದ್ದಾರೆ. “ತನಗಾದ ಗಾಯ ಮರೆತುಹೋಯ್ತೇನೋ ಪುಣ್ಯಾತ್ಮನಿಗೆ” ಅಂದ ಅಣ್ಣ. ಹಿಕ್ಸ್ ಆದ ಮೈಕಲ್ ಬೀನ್ ಅವರೇ ಮೊದಲ ಟರ್ಮಿನೇಟರ್‌ನಲ್ಲಿ ಜಾನ್‌ನ ಅಪ್ಪ ಕೈಲ್ ರೀಸ್. ಪಾಪ, ಆ ಮನುಷ್ಯನ ಪಾತ್ರಗಳಿಗೆ ಆಯುಷ್ಯವೇ ಕಮ್ಮಿ.

ಹಣದ ವಿಷಯದಲ್ಲೂ ಸಿನಿಮಾ ಸೋತಿತು, ಅದು ನಮಗೆ ಸಂಬಂಧವಿಲ್ಲ.

ಈಗ ನೀವೇನು ಮಾಡಬಹುದು ಅಂತ ನನಗೆ ತೋಚಿದ್ದು. ಡಾರ್ಕ್ ಫೇಟ್ ನೋಡಲೇಬೇಕೆಂದಿದ್ದರೆ ಎರಡನೇ ಭಾಗ ನೋಡಿ ಒಂದಾರು ತಿಂಗಳಾದರೂ ಬಿಡಿ. ಜಾನ್ ಒಂದು ಹೆಸರಾಗಿ ಉಳಿದು, ಮುಖ ಸ್ವಲ್ಪ ಮಸುಕಾದ ಮೇಲೆ ನೋಡಿದರೆ ಸಾರಾಳ ದುಃಖ ಬೇರೆಯೇ ಥರ ತಟ್ಟುತ್ತದೆ. ಎರಡನೇ ಸಲ ನಾನೊಬ್ಬನೇ ಕೂತು ನೋಡಿದಾಗ ನನಗೆ ಹಾಗಾಯಿತು. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಾದರೆ ಮೊದಲ ಐದು ನಿಮಿಷದಲ್ಲಿ ಏನಾಗುತ್ತದೆ ಅಂತ ಮುಂಚೆಯೇ ಹೇಳಿ ಕೂರಿಸಿ. ಬೇರೆಲ್ಲ ಸಿನಿಮಾಕ್ಕೆ ಗುಟ್ಟು ಬಿಟ್ಟುಕೊಡುವವರನ್ನು ಬೈಯುವ ನಾನೇ ಇದನ್ನು ಹೇಳುತ್ತಿದ್ದೇನೆ. 2015ರ ‘ಜೆನಿಸಿಸ್’ ನೋಡುವ ಯೋಚನೆ ಇದ್ದರೆ ಮಾತ್ರ ಉಲ್ಟಾ: ಅದರ ಟ್ರೇಲರ್ ಹತ್ತಿರವೂ ಸುಳಿಯಬೇಡಿ, ಜಾನ್‌ಗೆ ಏನಾಗಿದೆ ಅನ್ನುವ ಇಡೀ ಸಿನಿಮಾದ ಗುಟ್ಟನ್ನು ಅದರಲ್ಲೇ ಹರಾಜು ಹಾಕಿದ್ದಾರೆ.

ಅವತ್ತು ರಾತ್ರಿ ಹುಡುಗನ ಮನಸ್ಸು ಸರಿಮಾಡಲು ಒಂದು ಉಪಾಯ ಮಾಡಿದೆ. ಎರಡನೇ ಭಾಗಕ್ಕೆ ಚಿತ್ರೀಕರಿಸಿ, ಬಿಡುಗಡೆಗೆ ಮುಂಚೆ ಕೈಬಿಟ್ಟ ಒಂದು ಅಂತ್ಯ ಇದೆ. ಮುದುಕಿಯಾದ ಸಾರಾ ಉದ್ಯಾನದ ಬೆಂಚಿನ ಮೇಲೆ ಕೂತಿದ್ದಾಳೆ, ಸೆನೆಟರ್ ಆದ ಜಾನ್ ಎದುರಿಗೆ ತನ್ನ ಮಗಳ ಜೊತೆ ಆಡುತ್ತಿದ್ದಾನೆ. ಮುದುಕಿಯ ಮೇಕಪ್ ಅಷ್ಟು ಚೆನ್ನಾಗಿಲ್ಲ, ಸಿನಿಮಾದಿಂದ ತೆಗೆದದ್ದೇ ಸರಿ ಅಂತ ನಾನು ಯಾವಾಗಲೂ ವಾದ ಮಾಡಿದವನು. ಡಿಸ್ಕ್‌ನಲ್ಲಿದ್ದ ಆ ತುಣುಕು ಹುಡುಕಿ ಹಾಕಿದೆ. ಹುಡುಗ ನೋಡಿ, “ಇದನ್ನ ನಿನ್ನೆನೇ ತೋರಿಸಿ ಸುಮ್ನಿರ್ಬಹುದಿತ್ತಲ್ಲ ಚಿಕ್ಕಪ್ಪ” ಅಂದ. ಮೂರು ಟಿಕೆಟ್ಟಿನ ದುಡ್ಡಿನ ಬಗ್ಗೆ ಅಣ್ಣ ಏನೋ ಗೊಣಗಿದ.

ಆಫೀಸಿನವರಿಗೂ ಇದನ್ನೇ ಹೇಳಿದ್ದೇನೆ. ಎರಡನೇ ಭಾಗದ ಕೊನೆಯಲ್ಲಿ ಕತ್ತಲಲ್ಲಿ ರಸ್ತೆ ಓಡುತ್ತದೆ, ಸಾರಾಳ ಧ್ವನಿ ಕೇಳುತ್ತದೆ, ಹೆಸರುಗಳು ಬರಲು ಶುರುವಾಗುತ್ತವೆ. ಅಷ್ಟು ಹೊತ್ತಿಗೆ ರಿಮೋಟ್ ನಿಮ್ಮ ಕೈಯಲ್ಲೇ ಇರಲಿ, ಮಗಳ ಕೈಗೆ ಕೊಡಬೇಡಿ. ಈಗಿನ ಆ್ಯಪ್‌ಗಳು ಮುಂದಿನ ಸಿನಿಮಾವನ್ನು ಕೇಳದೆಯೇ ಶುರುಮಾಡಿಬಿಡುತ್ತವೆ.