ದೊಡ್ಡ ಪಾರ್ಕಿನ ಮೂರು ದಿನ, ಸಣ್ಣ ಪಾರ್ಕಿನ ಒಂದು ಸಂಜೆ

ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿಗೆ ಮೂರು ದಿನದ ಪಾಸ್ ತಗೊಂಡಿದ್ದು ನನ್ನದೇ ತಪ್ಪು. ಇವರು ಒಂದು ದಿನ ಸಾಕು ಅಂದಿದ್ದರು. ಒಂದು ದಿನದ ಟಿಕೆಟ್‌ಗಿಂತ ಮೂರು ದಿನದ್ದು ದಿನಕ್ಕೆ ಅಗ್ಗ ಬೀಳುತ್ತದೆ ಅಂತ ನಾನೇ ಹಟ ಹಿಡಿದೆ. ಅಗ್ಗ ಬಿದ್ದದ್ದೇನೋ ನಿಜ. ವಿಮಾನ, ಹೋಟೆಲ್, ಟಿಕೆಟ್ ಎಲ್ಲ ಸೇರಿ ನಮ್ಮ ಎರಡು ವರ್ಷದ ಪ್ರವಾಸದ ದುಡ್ಡು ಆ ಒಂದು ವಾರದಲ್ಲಿ ಖಾಲಿಯಾಯಿತು.

ಅದಾಗಿ ನಾಲ್ಕು ತಿಂಗಳಿಗೆ ಇನ್ನೊಂದು ಪಾರ್ಕಿಗೆ ಹೋದೆವು. ಕಾರಿನಲ್ಲಿ ಒಂದೂವರೆ ಗಂಟೆ ದಾರಿ, ಹೆಸರು ಹೇಳಿದರೆ ಯಾರಿಗೂ ಗೊತ್ತಿಲ್ಲದಷ್ಟು ಸಣ್ಣದು. ಒಳಗೆ ಹೋಗಲು ಸಣ್ಣ ಪ್ರವೇಶ ಶುಲ್ಕ, ಆಮೇಲೆ ಆಟ ಆಟಕ್ಕೂ ಬೇರೆ ಚೀಟಿ. ಈಗ ಯಾರಾದರೂ ಕೇಳಿದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನೇ ಹೇಳುತ್ತೇನೆ. ಮಗಳು ಒಪ್ಪುವುದಿಲ್ಲ, ಅದನ್ನೂ ಹೇಳುತ್ತೇನೆ.

ನಮ್ಮ ತಂಡ ಎಂಥದ್ದು ಅಂತ ತಿಳಿಯದಿದ್ದರೆ ನನ್ನ ಲೆಕ್ಕ ಅರ್ಥವಾಗುವುದಿಲ್ಲ. ನಾನು, ಇವರು, ಒಂಬತ್ತು ವರ್ಷದ ಮಗಳು, ನಾಲ್ಕು ತುಂಬಿದ ಮಗ, ಜೊತೆಗೆ ಅತ್ತೆ. ಅತ್ತೆಗೆ ಮಂಡಿ ನೋವು, ಯಾವ ಆಟವನ್ನೂ ಹತ್ತುವುದಿಲ್ಲ. ನನಗೆ ಗರಗರ ತಿರುಗುವ ಯಾವುದನ್ನು ಹತ್ತಿದರೂ ಹೊಟ್ಟೆ ತೊಳಸುತ್ತದೆ. ಅಂದರೆ ಐದು ಜನರಲ್ಲಿ ನಿಜವಾಗಿ ಹತ್ತುವವರು ಇಬ್ಬರು, ಮಗನನ್ನು ಸೇರಿಸಿದರೆ ಇಬ್ಬರೂವರೆ. ದೊಡ್ಡ ಪಾರ್ಕಿನಲ್ಲಿ ಟಿಕೆಟ್ ಮಾತ್ರ ಐದು. ಮಕ್ಕಳ ಟಿಕೆಟ್ ಅಂತ ಒಂದಿತ್ತು. ದೊಡ್ಡವರದ್ದಕ್ಕೂ ಅದಕ್ಕೂ ವ್ಯತ್ಯಾಸ ಹುಡುಕಲು ಕನ್ನಡಕ ಬೇಕಿತ್ತು.

ಈಗ ಎತ್ತರದ ಕಥೆ. ನಮ್ಮ ಪ್ರವಾಸ ಕೆಟ್ಟದ್ದು ಇದರಿಂದಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೋಗುವ ಮುಂಚೆ ನಾನು ಮನೆಯಲ್ಲೇ ಮಗನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ಅಳೆದಿದ್ದೆ. ಶೂ ಸಮೇತ 103 ಸೆಂಟಿಮೀಟರ್. ಮಗಳು ಆಸೆಪಟ್ಟಿದ್ದ ರೈಡಿಗೆ ಬೇಕಾದದ್ದು 102. ಸರಿ, ನಡೆಯುತ್ತದೆ ಅಂದುಕೊಂಡೆ. ಮೊದಲ ದಿನ ಬೆಳಿಗ್ಗೆ ತುಂಬ ನಡೆಯಬೇಕಲ್ಲ, ಪಾಪ ಕಾಲಿಗೆ ಹಗುರವಾಗಿರಲಿ ಅಂತ ನಾನೇ ಅವನಿಗೆ ತೆಳು ಚಪ್ಪಲಿ ಹಾಕಿಸಿದೆ. ಕ್ಯೂ ಬಾಗಿಲಲ್ಲಿ ನಿಂತಿದ್ದ ಹುಡುಗಿ ದೂರದಿಂದಲೇ ನೋಡಿ ಒಳಗೆ ಬಿಟ್ಟಳು. ಐವತ್ತು ನಿಮಿಷ ನಿಂತೆವು. ಇನ್ನೇನು ಹತ್ತಬೇಕು, ಅಲ್ಲಿ ಇನ್ನೊಂದು ಅಳತೆ ಕೋಲು. ಹಿಮ್ಮಡಿ ಒತ್ತಿ ನಿಲ್ಲು ಅಂದರು. ನಿಂತ. 101.

ಅವನಿಗೆ ಏನೂ ಅರ್ಥವಾಗಲಿಲ್ಲ. ಅಕ್ಕ ಒಳಗೆ ಹೋದಳು, ಅಪ್ಪ ಒಳಗೆ ಹೋದರು, ತಾನು ಮಾತ್ರ ಹೊರಗೆ. ಕ್ಯೂನಲ್ಲಿ ಅಳದೆ ನಿಂತಿದ್ದ ಮಗು ಹೊರಗೆ ಬರುವ ದಾರಿಯುದ್ದಕ್ಕೂ ಅತ್ತ. ಆ ದಾರಿಯೋ, ನೆನಪಿನ ಸಾಮಾನಿನ ಅಂಗಡಿಯ ಮಧ್ಯದಿಂದಲೇ ಹೋಗಬೇಕು. ಅಳು ನಿಲ್ಲಿಸಲು ಒಂದು ಬೊಂಬೆ ಕೊಂಡೆ. ಸಾಯಂಕಾಲ ಮಗಳು ಶಾಂತವಾಗಿ ಕೇಳಿದಳು, "ಅಮ್ಮಾ, ಅವನಿಗೆ ಶೂ ಹಾಕಿಸಿದ್ದರೆ ಆಗ್ತಿತ್ತು ಅಲ್ವಾ?" ನಾನು ಉತ್ತರ ಕೊಡಲಿಲ್ಲ.

ಎರಡನೇ ದಿನ ಶೂ ಹಾಕಿಸಿದೆ. ಆ ಒಂದು ರೈಡ್ ಸಿಕ್ಕಿತು. ಉಳಿದವುಗಳ ಮುಂದೆ ಹೋದರೆ ಒಂದಕ್ಕೆ 107, ಇನ್ನೊಂದಕ್ಕೆ 112, ತಲೆಕೆಳಗಾಗಿ ಓಡುವ ದೊಡ್ಡದಕ್ಕೆ 122. ಇದೆಂಥ ವಿಚಿತ್ರ ಸಂಖ್ಯೆಗಳು ಅಂತ ತಲೆ ಕೆಡಿಸಿಕೊಳ್ಳಬೇಡಿ. 40, 42, 44, 48 ಇಂಚನ್ನು ಸೆಂಟಿಮೀಟರಿಗೆ ತಿರುಗಿಸಿದ್ದು ಅಷ್ಟೇ. ಹೀಗೆ ಒಂದೇ ಪಾರ್ಕಿನಲ್ಲಿ ಮೂರು ನಾಲ್ಕು ಮೆಟ್ಟಿಲು ಇರುವುದನ್ನು ನಾನು ಗಮನಿಸಿಯೇ ಇರಲಿಲ್ಲ. ಮಗಳ ರೈಡಿನದ್ದೊಂದು ನೋಡಿ ಎಲ್ಲದಕ್ಕೂ ಅದೇ ಅಂದುಕೊಂಡಿದ್ದೆ.

ಅಳೆಯುವವರ ಮೇಲೆ ನನಗೆ ಸಿಟ್ಟಿಲ್ಲ. ತೊಡೆಯ ಮೇಲೆ ಬಂದು ಕೂರುವ ಆ ಕಬ್ಬಿಣದ ಸರಳು ಇಷ್ಟು ದೊಡ್ಡ ಮೈಗೆ ಅಂತ ಲೆಕ್ಕ ಹಾಕಿ ಮಾಡಿದ್ದು. ಚಿಕ್ಕ ಮೈ ಅದರ ಕೆಳಗೆ ಜಾರಿಹೋಗಬಹುದು. ಸಾವಿರಾರು ಮಕ್ಕಳನ್ನು ಬೇಗ ಬೇಗ ನೋಡಬೇಕಾದಾಗ ಎತ್ತರವೇ ಸುಲಭದ ಅಳತೆ. ಒಂದು ಸೆಂಟಿಮೀಟರ್‌ಗೆ ಯಾಕೆ ಇಷ್ಟು ಹಟ ಅಂತ ಅಲ್ಲಿ ನಾನೂ ವಾದ ಮಾಡಿದೆ. ಈಗ ನೆನೆದರೆ ನಾಚಿಕೆ.

ಸಿಟ್ಟು ಬೇರೆ ಕಡೆ ಇದೆ. ಕ್ಯೂ ತಪ್ಪಿಸುವ ಪಾಸ್ ಅಂತ ಇನ್ನೊಂದು ಮಾರುತ್ತಾರೆ. ಬೆಲೆ ಹತ್ತಿರ ಹತ್ತಿರ ಅರ್ಧ ಟಿಕೆಟ್. ಅತ್ತೆಯನ್ನು ಬಿಟ್ಟು ನಾಲ್ಕು ಜನಕ್ಕೂ ಮೊದಲೇ ಕೊಂಡಿದ್ದೆ. ಅದು ನಡೆಯುವ ಆಟಗಳ ಪಟ್ಟಿ ನೋಡಿದರೆ ಎಲ್ಲ ದೊಡ್ಡ ದೊಡ್ಡ ರೈಡ್‌ಗಳು. ಮಗ ಹತ್ತಬಹುದಾದವು ಎರಡೇ. ಕೊಳ್ಳುವಾಗ ಮಗುವಿನ ವಯಸ್ಸು ಕೇಳಿದ್ದರು, ಎತ್ತರ ಕೇಳಿರಲಿಲ್ಲ. ವಾಪಸ್ ಕೊಡಿ ಅಂದರೆ ಆಗುವುದಿಲ್ಲ ಅಂದರು. ಈ ವ್ಯವಸ್ಥೆ ಮೊದಲು ಹೀಗೆ ದುಡ್ಡಿನದ್ದಾಗಿರಲಿಲ್ಲ. ಡಿಸ್ನಿ 1999ರಲ್ಲಿ ತಂದ ಫಾಸ್ಟ್‌ಪಾಸ್‌ಗೆ ಬೇರೆ ಹಣ ಕೊಡಬೇಕಿರಲಿಲ್ಲ. ಅವರ ಅಮೆರಿಕದ ಪಾರ್ಕ್‌ಗಳಲ್ಲಿ 2021ರಲ್ಲಿ ಅದು ಹೋಗಿ ದುಡ್ಡು ಕೊಟ್ಟು ಕೊಳ್ಳುವ ಪಾಸ್ ಬಂತು. ಈಗ ದೊಡ್ಡ ಪಾರ್ಕ್ ಅಂದರೆ ಟಿಕೆಟ್ ಒಂದೇ ಲೆಕ್ಕ ಅಲ್ಲ, ಅದರ ಮೇಲೆ ಇದನ್ನೂ ಸೇರಿಸಿಯೇ ಯೋಚಿಸಬೇಕು.

ಇನ್ನೊಂದು ವಿಷಯ ನಮಗೆ ಗೊತ್ತಾಗಿದ್ದು ಎರಡನೇ ದಿನ ಮಧ್ಯಾಹ್ನ. ಚಿಕ್ಕ ಮಗು ಇರುವವರಿಗೆ ಬಹಳಷ್ಟು ದೊಡ್ಡ ಪಾರ್ಕ್‌ಗಳಲ್ಲಿ ಒಂದು ಅನುಕೂಲ ಇದೆ. ಅಪ್ಪ ಹತ್ತಿ ಬರುವ ತನಕ ಅಮ್ಮ ಮಗುವಿನ ಜೊತೆ ಕಾಯುವುದು, ಆಮೇಲೆ ಅಮ್ಮ ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹತ್ತುವುದು. ಬಾಗಿಲಲ್ಲಿ ನಿಂತವರನ್ನು ಮೊದಲೇ ಕೇಳಬೇಕು, ಅವರಾಗಿ ಹೇಳುವುದು ಕಮ್ಮಿ. ನನಗೆ ಹೊಟ್ಟೆ ತೊಳಸುವ ಕಾಯಿಲೆ, ಹಾಗಾಗಿ ನನ್ನ ಸರದಿಯಲ್ಲಿ ಹತ್ತುವುದಕ್ಕೂ ಆಗಲಿಲ್ಲ. ನಿಮಗೆ ಆಗಬಹುದು.

ಕ್ಯೂ ಬಗ್ಗೆ ಒಂದೇ ಮಾತು. ಇವರು ಮೊದಲ ದಿನ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರು: ಪಾರ್ಕಿನೊಳಗೆ ಹನ್ನೊಂದು ಗಂಟೆ, ಮಗಳು ಹತ್ತಿದ್ದು ಏಳು ರೈಡ್, ನಿಜವಾಗಿ ಓಡಿದ್ದು ಎಲ್ಲ ಸೇರಿ ಇಪ್ಪತ್ತೆರಡು ನಿಮಿಷ.

ಹಾಗಂತ ದೊಡ್ಡ ಪಾರ್ಕಿನಲ್ಲಿ ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಅಲ್ಲಿನ ಶುಚಿ, ರಾತ್ರಿಯ ದೀಪ, ಒಂದು ಬೀದಿ ತಿರುಗಿದರೆ ಬೇರೆಯೇ ಲೋಕಕ್ಕೆ ಬಂದ ಹಾಗೆ ಕಟ್ಟಿರುವ ರೀತಿ, ಅದಕ್ಕೆ ಸಾಟಿಯಿಲ್ಲ. ಮಗಳು ಆ 122ರ ರೋಲರ್ ಕೋಸ್ಟರಿನಿಂದ ಇಳಿದು ಬಂದಾಗ ಅವಳ ಕೈ ನಡುಗುತ್ತಿತ್ತು, ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ. ಅಂಥದ್ದು ಸಣ್ಣ ಪಾರ್ಕಿನಲ್ಲಿ ಸಿಗುವುದಿಲ್ಲ.

ಸಣ್ಣ ಪಾರ್ಕಿನಲ್ಲಿ ಏನಿತ್ತು? ಜೈಂಟ್ ವೀಲ್, ಕೊಲಂಬಸ್, ಡ್ಯಾಶಿಂಗ್ ಕಾರ್, ಮಕ್ಕಳ ರೈಲು, ಬಣ್ಣ ಹಾರಿದ ಕುದುರೆಗಳ ಮೆರಿಗೋರೌಂಡ್. ಶೌಚಾಲಯ ಸುಮಾರು. ಮಗಳಿಗೆ ಒಂದು ಗಂಟೆಗೆ ಎಲ್ಲ ಮುಗಿದು ಬೇಜಾರು ಶುರುವಾಯಿತು. ಆಮೇಲೆ ಡ್ಯಾಶಿಂಗ್ ಕಾರಿನಲ್ಲಿ ಅಪ್ಪನನ್ನು ಗುದ್ದುವುದೇ ಅವಳ ಕೆಲಸವಾಯಿತು. ಮಗ ಕುದುರೆ ಮೇಲೆ ಆರು ಸಲ ಕೂತ, ಆರಕ್ಕೆ ಆರೂ ಅದೇ ಕಪ್ಪು ಕುದುರೆ. ಅತ್ತೆ ಪ್ರವೇಶದ ದುಡ್ಡು ಮಾತ್ರ ಕೊಟ್ಟು, ಬೆಂಚಿನ ಮೇಲೆ ಕೂತು, ಅವನು ಸುತ್ತಿ ಬಂದಾಗಲೆಲ್ಲ ಕೈ ಬೀಸಿದರು. ನಾನು ಹತ್ತಿದ್ದು ಮಕ್ಕಳ ರೈಲು ಒಂದೇ. ಯಾರು ಎಷ್ಟು ಆಡಿದರೋ ಅಷ್ಟಕ್ಕೇ ದುಡ್ಡು. ನನಗೆ ಇಷ್ಟವಾದದ್ದು ಇದೇ ನೋಡಿ.

ಇದೇನು ಹೊಸ ಪದ್ಧತಿ ಅಲ್ಲ. 1955ರಲ್ಲಿ ಡಿಸ್ನಿಲ್ಯಾಂಡ್ ಶುರುವಾದಾಗಲೂ ಪ್ರವೇಶ ಬೇರೆ, ಆಟದ ಚೀಟಿ ಬೇರೆ ಇತ್ತು. ಆಮೇಲೆ ಚೀಟಿಗಳನ್ನು ಪುಸ್ತಕ ಮಾಡಿ ಮಾರುತ್ತಿದ್ದರು, 1982ರಲ್ಲಿ ಅದನ್ನು ಕೈಬಿಟ್ಟು ಎಲ್ಲರಿಗೂ ಒಂದೇ ಟಿಕೆಟ್ ಮಾಡಿದರು. ಕೋಪನ್‌ಹೇಗನ್‌ನ ಟಿವೋಲಿ ಪಾರ್ಕ್ 1843ರಿಂದ ನಡೆಯುತ್ತಿದೆ, ಅಲ್ಲಿ ಈಗಲೂ ಪ್ರವೇಶದ ದುಡ್ಡು ಮಾತ್ರ ಕೊಟ್ಟು ಒಳಗೆ ಹೋಗಿ ಅಡ್ಡಾಡಿ ಬರಬಹುದು, ಆಡಬೇಕೆಂದರೆ ಬೇರೆ ಟಿಕೆಟ್. ಒಂದೇ ಟಿಕೆಟ್ ಪದ್ಧತಿ ಎಲ್ಲವನ್ನೂ ಮೂರು ಮೂರು ಸಲ ಹತ್ತುವ ಹದಿಹರೆಯದವರಿಗೆ ಲಾಭ. ನಮ್ಮಂಥ ಮನೆಗೆ, ಮಂಡಿ ನೋವಿನವರು, ಹೊಟ್ಟೆ ತೊಳಸುವವರು, 101 ಸೆಂಟಿಮೀಟರ್‌ನವರು ಇರುವ ಮನೆಗೆ, ಬೇರೆಯವರ ಆಟಕ್ಕೆ ನಾವು ದುಡ್ಡು ಕೊಟ್ಟ ಹಾಗೆ.

ಸಣ್ಣ ಕಡೆ ಭದ್ರತೆ ಹೇಗೆ ಅನ್ನುವ ಭಯ ನನಗೂ ಇತ್ತು. ನಾನು ಎರಡು ವಿಷಯ ನೋಡುತ್ತೇನೆ. ಆಟ ನಡೆಸುವವನು ಪ್ರತಿ ಸೀಟಿನ ಸರಳನ್ನೂ ಕೈಯಿಂದ ಎಳೆದು ನೋಡುತ್ತಾನಾ, ಚಿಕ್ಕವರನ್ನು ಬೇಡ ಅಂತ ಇಳಿಸುತ್ತಾನಾ. ಅಲ್ಲಿ ಕೊಲಂಬಸ್ ನಡೆಸುತ್ತಿದ್ದವರು ನನ್ನ ಮಗನನ್ನು ಇಳಿಸಿದರು. ಈ ಸಲ ಅವನು ಅಳಲಿಲ್ಲ, ನೇರ ಕುದುರೆ ಹತ್ತಿರ ಓಡಿದ.

ಪಾರ್ಕೇ ಬೇಡ ಅಂತ ಅದಕ್ಕೂ ಹಿಂದಿನ ವರ್ಷ ಸಮುದ್ರದ ಹತ್ತಿರ ಐದು ದಿನ ಮನೆ ಬಾಡಿಗೆಗೆ ಹಿಡಿದಿದ್ದೆವು. ಖರ್ಚು ದೊಡ್ಡ ಪಾರ್ಕಿನ ಕಾಲು ಭಾಗವೂ ಇಲ್ಲ. ಚೆನ್ನಾಗಿತ್ತು, ಆದರೆ ಅಡುಗೆ, ಪಾತ್ರೆ ಎಲ್ಲ ನನ್ನ ಪಾಲಿಗೇ ಬಂತು. ಹಾಗಾಗಿ ಅದು ಎರಡನೇ ಸ್ಥಾನ.

ನಿಮ್ಮ ಮನೆಯಲ್ಲಿ ಎಲ್ಲರೂ 122 ದಾಟಿದ್ದರೆ, ಎಲ್ಲರಿಗೂ ಹತ್ತುವ ಹುಚ್ಚಿದ್ದರೆ, ರಜೆ ಇಲ್ಲದ ಕಾಲದಲ್ಲಿ ವಾರದ ಮಧ್ಯೆ ಹೋಗಲು ಆಗುವುದಾದರೆ ದೊಡ್ಡ ಪಾರ್ಕಿಗೆ ಖಂಡಿತ ಹೋಗಿ. ಒಂದು ದಿನ, ಜಾಸ್ತಿ ಅಂದರೆ ಎರಡು. ನಮ್ಮ ಮನೆಯಲ್ಲಿ ಸದ್ಯಕ್ಕೆ ಆಗಿರುವ ತೀರ್ಮಾನ ಬೇರೆ. ಮುಂದಿನ ವರ್ಷ ಅಪ್ಪ ಮಗಳು ಇಬ್ಬರೇ ಒಂದು ದಿನಕ್ಕೆ ಯಾವುದಾದರೂ ದೊಡ್ಡ ಪಾರ್ಕಿಗೆ ಹೋಗುವುದು, ಟಿಕೆಟ್ ಎರಡೇ. ಅವತ್ತು ನಾನು, ಅತ್ತೆ, ಮಗ ಕಪ್ಪು ಕುದುರೆ ಇರುವಲ್ಲಿಗೆ. ಮಗನಿಗೆ 122 ಆಗಲು ಇನ್ನೂ ಮೂರು ವರ್ಷ ಬೇಕಾಗಬಹುದು. ಮೊನ್ನೆ ಬಾಗಿಲ ಚೌಕಟ್ಟಿನಲ್ಲಿ ಹೊಸ ಗೀಟು ಎಳೆದೆವು, ಬರಿಗಾಲಲ್ಲಿ 103. ಅಳೆಯಲು ಕರೆದರೆ ಸಾಕು, ಮೊದಲು ಹೋಗಿ ಶೂ ಹಾಕಿಕೊಂಡು ಬರುತ್ತಾನೆ. ಬಿಚ್ಚಿಸುವುದೇ ಒಂದು ಕೆಲಸ.