ಉತ್ಖನನದ ಬಿಸಿಲಿಗೆ ಇನ್ಸುಲಿನ್: ಒದ್ದೆ ಚೀಲ, ಜೋಡಿ ಮಡಕೆ, ಐಸ್ ಫ್ಲಾಸ್ಕ್

ರಾಯಚೂರು, ಬಳ್ಳಾರಿ ಕಡೆಯ ಉತ್ಖನನಕ್ಕೆ ಇನ್ಸುಲಿನ್ ಹಿಡಿದು ಹೋಗುವವರಿಗೆ ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ: ಟ್ರೆಂಚಿನ (ಅಗೆಯುವ ಗುಂಡಿಯ) ಹತ್ತಿರ ಒದ್ದೆ ಚೀಲ, ಅಂದರೆ ನೀರಲ್ಲಿ ಅದ್ದಿ ಬಳಸುವ ಜೆಲ್ ಹರಳಿನ ಚೀಲ; ಕ್ಯಾಂಪಿನಲ್ಲಿ ಜೋಡಿ ಮಡಕೆ. ಐಸ್ ಫ್ಲಾಸ್ಕ್ ಮಾತ್ರ ಬೇಡವೇ ಬೇಡ.

ಬಳಕೆಯಲ್ಲಿರುವ ಪೆನ್ನಿಗೋ ವಯಲ್‌ಗೋ ಫ್ರಿಜ್ಜೇ ಆಗಬೇಕೆಂದಿಲ್ಲ. ಹೆಚ್ಚಿನ ಬಗೆಗಳು 25–30 ಡಿಗ್ರಿಯೊಳಗೆ ಸುಮಾರು 4 ವಾರ ತಡೆಯುತ್ತವೆ. ನಿಮ್ಮದರ ಮಿತಿ ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ. ಬೇಸಿಗೆ ಏರಿದ ಮೇಲೆ ಮಸ್ಕಿ, ಸಂಗನಕಲ್ಲು ಕಡೆ ನೆರಳಲ್ಲೇ 40 ಮುಟ್ಟುತ್ತದೆ. ಆ ಹತ್ತು ಹನ್ನೆರಡು ಡಿಗ್ರಿ ಇಳಿಸಿದರೆ ಸಾಕು.

ಐಸ್ ಫ್ಲಾಸ್ಕಿನಲ್ಲಿ ಇನ್ಸುಲಿನ್ ಕೆಡುವುದು ಹೆಚ್ಚಾಗಿ ಹೆಪ್ಪುಗಟ್ಟಿಯೇ. ಫ್ರೀಜರಿನಿಂದ ಆಗಷ್ಟೇ ತೆಗೆದ ಜೆಲ್ ಪ್ಯಾಕ್ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಜೀಪು ಕುಲುಕಿದಾಗ ಸುತ್ತಿದ ಬಟ್ಟೆ ಸರಿದು ಪೆನ್ ಅದಕ್ಕೆ ತಾಗಿತೆಂದರೆ ಒಳಗಿನ ಇನ್ಸುಲಿನ್ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೂ ಕೆಲಸಕ್ಕೆ ಬಾರದು. ಮೋಡದಂತೆ ಬಿಳಿಚಾಗಿರುವ ಎನ್‌ಪಿಎಚ್ ಬಗೆಯ ಇನ್ಸುಲಿನ್ ಆದರೆ ಗಾಜಿನ ಒಳಮೈಗೆ ಹರಳು ಹಿಡಿದು, ಎಷ್ಟು ಉರುಳಿಸಿದರೂ ಗಂಟು ಒಡೆಯದೆ ಗುಟ್ಟು ಬಿಟ್ಟುಕೊಡುತ್ತದೆ. ತಿಳಿ ಇನ್ಸುಲಿನ್ ಕೆಟ್ಟರೂ ತಿಳಿಯಾಗಿಯೇ ಕಾಣಬಹುದು. ಡೋಸ್ ಸರಿಯಿದ್ದೂ ಶುಗರ್ ಏರುತ್ತಲೇ ಹೋದಾಗಷ್ಟೇ ಅನುಮಾನ ಬರುವುದು.

ಲಸಿಕೆ ಸಾಗಿಸುವವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಐಸ್‌ಪ್ಯಾಕನ್ನು ಹೊರಗಿಟ್ಟು, ಅಲುಗಿಸಿದರೆ ಒಳಗೆ ನೀರು ಸದ್ದು ಮಾಡುವವರೆಗೆ ಕಾದು, ಆಮೇಲೆ ಪೆಟ್ಟಿಗೆಗೆ ಹಾಕುತ್ತಾರೆ. ಫ್ಲಾಸ್ಕೇ ಗತಿ ಎನ್ನುವವರು ಹಾಗೇ ಮಾಡಿ, ನಡುವೆ ರಟ್ಟಿನ ತಡೆ ಇಡಿ. ಆದರೆ ಬೆಳಗ್ಗೆ 6ಕ್ಕೆ ಟ್ರೆಂಚಿಗಿಳಿಯುವವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ದಿನಾ ಪ್ಯಾಕ್ ಹೆಪ್ಪುಗಟ್ಟಿಸಲು ಕ್ಯಾಂಪಿನಲ್ಲಿ ಫ್ರೀಜರ್ ಕೂಡ ಇರುವುದಿಲ್ಲ.

ಒದ್ದೆ ಚೀಲಕ್ಕೆ ನೀರು ಸಾಕು. ಒಳಪದರದ ಹರಳು ನೀರು ಹೀರಿ ಜೆಲ್ ಆಗುತ್ತದೆ, ಆ ನೀರು ಆರುತ್ತಾ ಒಳಗೆ ತಂಪು. 40 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಒದ್ದೆ ಬಟ್ಟೆ ಹೆಚ್ಚೆಂದರೆ 23ರ ಆಸುಪಾಸಿಗೆ ಇಳಿಯಬಲ್ಲದು. ಚೀಲ ಅದಕ್ಕಿಂತ ಕೆಲವು ಡಿಗ್ರಿ ಮೇಲೆ ನಿಂತರೂ ಚಿಂತೆಯಿಲ್ಲ. ಕರಾವಳಿಯ 32 ಡಿಗ್ರಿ, ಶೇ 75 ತೇವಾಂಶದಲ್ಲಿ ಆ ಕೆಳಮಿತಿಯೇ 28. ಅಲ್ಲಿ ಇದನ್ನು ನಂಬಬೇಡಿ.

ಹೆಚ್ಚು ಹೊತ್ತು ನೆನೆಸಿದರೆ ಜೆಲ್ ಉಬ್ಬಿ ಪೆನ್ ಒಳಗೆ ತೂರುವುದಿಲ್ಲ. ಚೀಟಿಯಲ್ಲಿ ಹೇಳಿದಷ್ಟೇ ನಿಮಿಷ ಅದ್ದಿ, ಹೊರಗಿನ ನೀರು ಒರೆಸಿ. ಪ್ಲಾಸ್ಟಿಕ್ ಕವರಿನಲ್ಲೋ ಬ್ಯಾಗಿನ ತಳದಲ್ಲೋ ಇಟ್ಟರೆ ನೀರು ಆರದು, ತಂಪೂ ಇಲ್ಲ. ಟಾರ್ಪಾಲಿನ್ ಕೆಳಗೆ ಗಾಳಿಯಾಡುವ ಗಳಕ್ಕೆ ನೇತುಹಾಕಿ, ಜರಡಿ ಹಿಡಿಯುವ ಜಾಗದಿಂದ ದೂರ. ಬೂದಿದಿಬ್ಬದ (ನವಶಿಲಾಯುಗದವರು ಸಗಣಿ ಸುಟ್ಟ ಬೂದಿಯ ದಿಬ್ಬ) ಅಗೆತದಲ್ಲಿ ಇದು ಇನ್ನೂ ಮುಖ್ಯ: ಆ ನುಣುಪು ಪುಡಿ ಒದ್ದೆ ಬಟ್ಟೆಗೆ ಕೂತು ಗಾರೆಯ ಹಾಗೆ ಗಟ್ಟಿಯಾಗಿ, ಬಟ್ಟೆ ಉಸಿರಾಡದಂತೆ ಮಾಡುತ್ತದೆ. ಸಂಜೆ ಹೊರಬಟ್ಟೆ ತೊಳೆಯಿರಿ.

ಜೋಡಿ ಮಡಕೆ ಎಲ್ಲಕ್ಕಿಂತ ಅಗ್ಗ. ಒಂದರೊಳಗೊಂದು ಇಟ್ಟು, ನಡುವಿನ ಸಂದಿಗೆ ಒದ್ದೆ ಮರಳು ತುಂಬಿ, ಬಾಯಿಗೆ ಒದ್ದೆ ಗೋಣಿ ಹೊದಿಸಿ. ಮೈಗೆ ಬಣ್ಣ ಬಳಿದ ಮಡಕೆ ಬೇಡ, ನೀರು ಜಿನುಗದು. ಬೆಳಗ್ಗೆ, ಸಂಜೆ ಮರಳಿಗೆ ನೀರು. ಪೆನ್ನುಗಳು ಮುಚ್ಚಳದ ಡಬ್ಬಿಯಲ್ಲಿರಲಿ, ತೇವ ಲೇಬಲ್ ಕೆಡಿಸುತ್ತದೆ. ಭಾರ ಇರುವುದರಿಂದ ಟ್ರೆಂಚಿಗೆ ಒಯ್ಯಲಾಗದು.

ಇನ್ನೂ ತೆರೆಯದ ಇನ್ಸುಲಿನ್‌ಗೆ ಬೇಕಾದ 2–8 ಡಿಗ್ರಿ ಚೀಲ, ಮಡಕೆ ಎರಡರಲ್ಲೂ ಸಿಗದು. ಆ ಸ್ಟಾಕನ್ನು ಹತ್ತಿರದ ಊರಿನ ಮೆಡಿಕಲ್ ಶಾಪಿನವರ ಫ್ರಿಜ್ಜಿನಲ್ಲಿ, ಫ್ರೀಜರಿನಿಂದ ದೂರದ ತಟ್ಟೆಯಲ್ಲಿ ಇಡಲು ಕೇಳಿಕೊಳ್ಳಿ. ಒಂದೊಂದೇ ತಂದು, ತೆರೆದ ದಿನಾಂಕವನ್ನು ಪೆನ್ನಿನ ಮೇಲೆ ಬರೆಯಿರಿ. ಗ್ಲೂಕೋಮೀಟರನ್ನೂ ಅದೇ ನೆರಳಲ್ಲಿಡಿ. ಬಹಳಷ್ಟು ಮೀಟರ್‌ಗಳು 40ರ ಮೇಲೆ ರೀಡಿಂಗ್ ಕೊಡದೆ ಎರರ್ ತೋರಿಸುತ್ತವೆ. ಶುಗರ್ ಇಳಿದಾಗ ಬೇಕಾಗುವ ಗ್ಲೂಕೋಸ್ ಪುಡಿ ಮಾತ್ರ ಕ್ಯಾಂಪಿನಲ್ಲಿ ಬಿಡದೆ ಕರಣೆಯಿರುವ ಚೀಲದಲ್ಲೇ ಇರಲಿ.