ಹಪ್ಪಳದ ಡಬ್ಬಿಯಲ್ಲಿ ಮೂರು ಮಳೆಗಾಲ: ನನ್ನ ಕೈ ರೆಕಾರ್ಡರು

ಈ ರೆಕಾರ್ಡರು ನನ್ನ ಬಳಿ ಮೂರು ಮಳೆಗಾಲ ಕಂಡಿದೆ. ವರ್ಷದ ಲೆಕ್ಕ ಬಿಟ್ಟು ಮಳೆಗಾಲದ ಲೆಕ್ಕ ಹೇಳುವುದಕ್ಕೆ ಕಾರಣವಿದೆ. ಮೂಡಿಗೆರೆಯಲ್ಲಿ ಇದು ಒಂಬತ್ತು ತಿಂಗಳು ಚಿನ್ನದಂಥ ಯಂತ್ರ. ಜೂನ್ ಕಳೆಯುವ ಹೊತ್ತಿಗೆ ಹಸಿ ಸೌದೆ ತುರುಕಿದ ಒಲೆಯ ಹಾಗೆ ಚಟಪಟ ಎನ್ನಲು ಶುರುಮಾಡುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬ್ಯಾಟರಿ, ತೂಕ, ಮೆಮೊರಿ ಕಾರ್ಡಿನ ವಿವರ ಎಲ್ಲ ಕಡೆ ಸಿಗುತ್ತದೆ, ಅದನ್ನೂ ಬರೆಯುವುದಿಲ್ಲ.

ಹಗಲಿಗೆ ನಾನು ಕಾಫಿ ತೋಟದ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಆಳುಗಳ ಹಾಜರಿಯ ಚೆಕ್‌ರೋಲ್ ಬರೆದು ಮನೆಗೆ ಬಂದ ಮೇಲೆ ಸಣ್ಣ ವಿಡಿಯೊ ಗೇಮ್‌ಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಗುಂಡು ಹಾರಿಸುವ ಆಟಗಳಿಗಲ್ಲ, ಅಲೆದಾಡುತ್ತ ಒಗಟು ಬಿಡಿಸುವ ಆಟಗಳಿಗೆ. ಅಲ್ಲಿ ಆಟಗಾರ ಒಂದೇ ಕೋಣೆಯಲ್ಲಿ ಬೀಗದ ಮುಂದೆ ಅರ್ಧ ಗಂಟೆ ತಲೆ ಕೆರೆದುಕೊಳ್ಳುತ್ತಾನೆ. ಎಂಥ ಸೊಗಸಾದ ಪಲ್ಲವಿಯೂ ಹತ್ತನೆಯ ಸಲಕ್ಕೆ ಕಿರಿಕಿರಿ. ಅದಕ್ಕೇ ತಂಬೂರಿಯಂತೆ ಹಿಂದೆ ನಿಲ್ಲುವ ನಾದ, ನಡುನಡುವೆ ಒಂದೆರಡು ಸ್ವರ, ಅಷ್ಟೇ. ಮುಗಿದೊಡನೆ ಮತ್ತೆ ಮೊದಲಿನಿಂದ ಶುರುವಾಗುವ 47 ಸೆಕೆಂಡಿನ ಒಂದು ಸುತ್ತನ್ನೂ (ಲೂಪ್) 61 ಸೆಕೆಂಡಿನ ಇನ್ನೊಂದನ್ನೂ ಒಟ್ಟಿಗೆ ಬಿಟ್ಟರೆ, ಎರಡೂ ಮತ್ತೆ ಒಂದೇ ಕ್ಷಣದಲ್ಲಿ ಆರಂಭವಾಗಲು 2,867 ಸೆಕೆಂಡು, ಹತ್ತಿರ ಹತ್ತಿರ 48 ನಿಮಿಷ ಬೇಕು. ಅಷ್ಟರಲ್ಲಿ ಬೀಗ ತೆರೆದಿರುತ್ತದೆ, ಇಲ್ಲವೇ ಆಟಗಾರ ಮಲಗಿರುತ್ತಾನೆ.

ನಾದಕ್ಕೆ ಬೇಕಾದ ಸರಕೆಲ್ಲ ತೋಟದ್ದೇ. ಕಾಫಿ ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಹಿಡಿ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಊರು ನಮ್ಮದು. ಗಲಗಲ ಎಂದರೆ ಒಣಗಿದೆ. ಆ ಗಲಗಲವನ್ನು 96 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 96,000 ಮಾದರಿಯಂತೆ, ದಾಖಲಿಸಿ ನಾಲ್ಕು ಪಟ್ಟು ನಿಧಾನ ಮಾಡಿದರೆ ಎರಡು ಸ್ಥಾಯಿ ಕೆಳಗಿಳಿಯುತ್ತದೆ, ಕಲ್ಲಿನ ಗುಹೆಯಲ್ಲಿ ಯಾರೋ ಸರಪಳಿ ಎಳೆದ ಹಾಗೆ ಕೇಳುತ್ತದೆ. ಕಣದಲ್ಲಿ ಕಾಯಿ ಕೆದಕುವ ಸದ್ದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತೊಟ್ಟಿಗೆ ನೀರು ಬೀಳುವ ಸದ್ದು ಎಲ್ಲವೂ ಹೀಗೆ ಯಾವ ಯಾವುದೋ ಕಾಲ್ಪನಿಕ ದ್ವೀಪಗಳಿಗೆ ಹೋಗಿವೆ.

ಬೋನಸ್ ಬಂದ ತಿಂಗಳು ₹28,000 ಕೊಟ್ಟು ಇದನ್ನು ತಂದೆ. ತೀರ ಸಣ್ಣ ಸದ್ದಿನಿಂದ ತೀರ ದೊಡ್ಡದರವರೆಗೆ ಒಟ್ಟಿಗೆ ದಾಖಲಿಸುವ 32 ಬಿಟ್ ಫ್ಲೋಟ್ ಎಂಬ ವಿಧಾನ ಇರುವುದರಿಂದ ಸದ್ದಿನ ಮಟ್ಟ ಹೊಂದಿಸುವ ಗೋಜಿಲ್ಲ. ಹೆಂಚಿನ ಅಂಚಿನಿಂದ ತೊಟ್ಟಿಕ್ಕುವ ಹನಿಯೂ ನಡುವೆ ಬಿದ್ದ ಗುಡುಗೂ ಒಂದೇ ಕಡತದಲ್ಲಿ ಒಡೆಯದೆ ಕೂರುತ್ತವೆ. ಆದರೆ ಮೈಕಿನ ಸ್ವಂತ ‘ಸುಯ್’ ಸದ್ದಿಗೆ ಇದರಲ್ಲಿ ಮದ್ದಿಲ್ಲ. ಅಂಥ ನಾಲ್ಕು ಪದರ ಒಂದರ ಮೇಲೊಂದು ಹೇರಿದರೆ ‘ಸುಯ್’ 6 ಡೆಸಿಬೆಲ್ ಏರುತ್ತದೆ. ಇರಲಿ, ಅದಕ್ಕೆ ಒಗ್ಗಿಕೊಂಡಿದ್ದೇನೆ.

ಒಗ್ಗದೆ ಉಳಿದದ್ದು ಚಟಪಟ. ಮೊದಲ ಜುಲೈಯಲ್ಲಿ ಹಳ್ಳದ ನೀರನ್ನು ದಾಖಲಿಸಿ, ಸುತ್ತು ಕಟ್ಟಿ ಕಳಿಸಿದ್ದೆ. ಆಟವನ್ನು ಪರೀಕ್ಷಿಸುತ್ತಿದ್ದ ಹುಡುಗನೊಬ್ಬ ಇಪ್ಪತ್ತು ನಿಮಿಷ ಗೋಡೆ ತಟ್ಟುತ್ತ ಕಳೆದನಂತೆ. ನಿಮಿಷಕ್ಕೊಮ್ಮೆ ಒಂದೇ ಜಾಗದಲ್ಲಿ ‘ಚಟ್’ ಎನ್ನುತ್ತಿತ್ತು, ಸುಳಿವು ಎಂದುಕೊಂಡೆ ಎಂದ. ಅವನ ತಪ್ಪಿಲ್ಲ. 1993ರ ‘ಮಿಸ್ಟ್’ ಆಟದಲ್ಲಿ ಸುರಂಗದ ದಾರಿಯನ್ನು ಶಬ್ದಗಳೇ ತೋರಿಸುತ್ತವೆ. ಅಂಥವನ್ನು ಆಡಿ ಬೆಳೆದವರು ಒಗಟಿನ ಆಟದಲ್ಲಿ ಎದ್ದು ಕೇಳುವ ಯಾವ ಸದ್ದನ್ನೂ ಸುಮ್ಮನೆ ಬಿಡುವುದಿಲ್ಲ.

ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಕಳಿಸಿದೆ. ‘ಒಳಗೆ ನೀರು ಹೋಗಿದೆ, ವಾರಂಟಿ ಇಲ್ಲ’ ಎಂಬ ಚೀಟಿಯೊಂದಿಗೆ ವಾಪಸು ಬಂತು. ಅದರ ಮೇಲೆ ಒಂದು ಹನಿ ಬಿದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆ! ಅದೇ ತಿಂಗಳು ಅರಸೀಕೆರೆಯ ಭಾವ ಮನೆಯ ಶುಭಕಾರ್ಯಕ್ಕೆಂದು ಅದನ್ನು ಒಯ್ದರು. ಹದಿನೈದು ದಿನ ಆ ಕೊಬ್ಬರಿ ಒಣಗುವ ಬಯಲುಸೀಮೆಯಲ್ಲಿದ್ದು ಬಂದ ಮೇಲೆ ಒಂದೇ ಒಂದು ‘ಚಟ್’ ಇಲ್ಲ. ಮೂಡಿಗೆರೆಯಲ್ಲಿ ನಾಲ್ಕು ದಿನ ಕಳೆಯಿತು, ಮತ್ತೆ ಶುರು. ಇದರಲ್ಲಿರುವಂಥ ಕಂಡೆನ್ಸರ್ ಮೈಕಿನಲ್ಲಿ ತೆಳುವಾದ ಪೊರೆಗೂ ಹಿಂದಿನ ತಟ್ಟೆಗೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಅಲ್ಲಿ ನಿಲ್ಲಬೇಕಾದ ವಿದ್ಯುದಾವೇಶ ತೇವದ ದಾರಿ ಹಿಡಿದು ಸೋರುತ್ತದೆ. ನೀರು ಹೋಗಬೇಕಾಗಿಲ್ಲ, ನಮ್ಮ ಆಷಾಢದ ಗಾಳಿಯೇ ಸಾಕು. ಡಬ್ಬದ ಮೇಲೆ ಈ ಬಗ್ಗೆ ಒಂದು ಸಾಲು ಬರೆಯಲು ಅವರಿಗೇನು ಕಷ್ಟವಿತ್ತೋ ತಿಳಿಯದು.

ಅಟ್ಟದ ಮೇಲಿಡು ಎಂದರು ಅಪ್ಪ. ಹೊಗೆಗೆ ಹೆದರಿ ಬೇಡವೆಂದೆ. ‘ಹಪ್ಪಳದ ಡಬ್ಬಿಯಲ್ಲಿಟ್ಟು ನೋಡು ಮಾರಾಯ’ ಎಂದರು ಅಮ್ಮ. ಅಂದಿನಿಂದ ಅದೇ ಪದ್ಧತಿ. ಬೆಳಗ್ಗೆ ಐದೂವರೆಗೆ ಡಬ್ಬಿ ತೆರೆದು, ಹಲಸಿನ ಹಪ್ಪಳದ ಕಟ್ಟುಗಳ ಮೇಲಿನಿಂದ ಯಂತ್ರ ಎತ್ತಿಕೊಂಡು, ಮುಚ್ಚಳ ಬಿಗಿದು ಹೊರಡುತ್ತೇನೆ. ಚಟಪಟ ಏಳುವುದಕ್ಕೆ ಮೊದಲು ಸಿಗುವುದು ಸುಮಾರು ನಲವತ್ತು ನಿಮಿಷ. ಬಂದ ಮೇಲೆ ಹಳೆಯ ಪಂಚೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮತ್ತೆ ಒಳಗೆ. ಕಿತ್ತಳೆ ಬಣ್ಣದ ಕಾಳು ಹಸಿರಿಗೆ ತಿರುಗಿದರೆ ಅದಕ್ಕೆಂದೇ ತೆಗೆದಿಟ್ಟ ಹಳೆಯ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಒಣಗಿಸಬೇಕು. ಮೈಕಿನ ಸ್ಪಂಜಿನ ಟೋಪಿಗೆ ಈಗ ಜೀರಿಗೆ, ಇಂಗಿನ ವಾಸನೆ.

ಇಷ್ಟು ಬೈದ ಮೇಲೂ ಇದನ್ನು ಮಾರದೆ ಇಟ್ಟುಕೊಂಡಿರುವುದಕ್ಕೆ ಕಾರಣ, ಕೊಳ್ಳುವಾಗ ನಾನು ಗಮನಿಸಿಯೇ ಇರದ ಒಂದು ಸೌಲಭ್ಯ. ಗುಂಡಿ ಒತ್ತುವುದಕ್ಕೆ ಎರಡು ಸೆಕೆಂಡು ಹಿಂದಿನ ಸದ್ದನ್ನೂ ಇದು ಹಿಡಿದಿಡುತ್ತದೆ. ನಮ್ಮ ಹಳ್ಳದ ಬಂಡೆಯ ಮೇಲೆ ಸಿಳ್ಳೆ ಹೊಡೆಯುವ ಕಡುನೀಲಿ ಹಕ್ಕಿಯೊಂದಿದೆ. ಶಾಲೆ ತಪ್ಪಿಸಿದ ಹುಡುಗ ಗೊತ್ತುಗುರಿಯಿಲ್ಲದೆ ಸಿಳ್ಳೆ ಹಾಕುತ್ತ ಹೋದಂತೆ ಅದರ ಹಾಡು. ಏರುತ್ತದೆ, ತಿರುಗುತ್ತದೆ, ಷಡ್ಜಕ್ಕೆ ಬಂದು ನಿಲ್ಲುವುದೇ ಇಲ್ಲ. ಒಗಟಿನ ಕೋಣೆಗೆ ಬೇಕಾದದ್ದು ಅದೇ, ಮುಗಿಯದ ಸಾಲು. ಮೊದಲೆಲ್ಲ ಹಾಡು ಕೇಳಿಸಿ ಗುಂಡಿ ಒತ್ತುವಷ್ಟರಲ್ಲಿ ಮೊದಲಿನ ಎರಡು ಸ್ವರ ಕೈತಪ್ಪುತ್ತಿದ್ದವು. ಈಗ ಮನೆಗೆ ಬಂದು ಕೇಳಿದರೆ ಹಕ್ಕಿ ಬಾಯಿ ತೆರೆಯುವುದಕ್ಕೆ ಮುಂಚಿನ ನೀರಿನ ಸದ್ದೂ ಇರುತ್ತದೆ. ಆಟದಲ್ಲಿ ಹಕ್ಕಿಯನ್ನು ಹಾಗೇ ಬಳಸುವುದಿಲ್ಲ, ಹಿಮದ ದ್ವೀಪದಲ್ಲಿ ಮಲೆನಾಡಿನ ಹಕ್ಕಿಗೇನು ಕೆಲಸ? ಅದರ ಲಯ, ಬಿಡುವು ಮಾತ್ರ ನನ್ನವು. ಫಜೀತಿಯೆಂದರೆ ಈ ಹಕ್ಕಿ ಬಾಯಿಬಿಟ್ಟು ಹಾಡುವುದು ಮಳೆಗಾಲದಲ್ಲೇ, ಚಳಿಗಾಲದಲ್ಲಿ ಮೌನಿ.

ಜಡಿಮಳೆ ಹಿಡಿದ ದಿನ ಮಾತ್ರ ಒಳಗಿನ ಮೈಕು ಆರಿಸಿ, ಬಜರ್‌ನಿಂದ ಬಿಚ್ಚಿದ, ಅದುರುವಿಕೆಯನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಯೊಂದನ್ನು ಪಲ್ಪರ್ ಮನೆಯ ತಗಡಿಗೆ ಅಂಟಿಸಿ ಇದಕ್ಕೇ ಜೋಡಿಸುತ್ತೇನೆ. ಅದಕ್ಕೆ ಗಾಳಿಯ ತೇವದ ಹಂಗಿಲ್ಲ.

ಹಾಸನದಿಂದ ಆಚೆ, ಅರಸೀಕೆರೆ ಕಡೆಯವರಾದರೆ ಯೋಚಿಸದೆ ಕೊಳ್ಳಿ, ಐದಕ್ಕೆ ನಾಲ್ಕೂವರೆ ಅಂಕ. ಸಕಲೇಶಪುರ, ಮೂಡಿಗೆರೆ, ಕೊಪ್ಪದವರಾದರೆ ಮೂರು, ಅದೂ ಬಿಗಿ ಮುಚ್ಚಳದ ಡಬ್ಬಿಯ ಬೆಲೆ ಸೇರಿಸಿಕೊಂಡು. ನನ್ನ ಯಂತ್ರಕ್ಕೆ ಈ ಜೂನ್‌ನಿಂದ ಬೇರೆ ಡಬ್ಬಿ. ದಿನಕ್ಕೆರಡು ಸಲ ಮುಚ್ಚಳ ತೆರೆದು ತೆರೆದು ಹಪ್ಪಳವೆಲ್ಲ ಮೆತ್ತಗಾಯಿತೆಂದು ಅಮ್ಮ ಅದನ್ನು ಹೊರಗೆ ಹಾಕಿದ್ದಾರೆ.